ಇಸ್ತ್ರಿ ಆರಿಸಿದೆಯಾ

ಶನಿವಾರ ರಾತ್ರಿ ರೇಡಿಯೋದವನು
ದನಿ ತಗ್ಗಿಸಿ ಹೇಳುತ್ತಿದ್ದ:
ಟೇಪು ಹಾಕಿಕೊಳ್ಳಿ, ಇನ್ನು ನಾನು ಮಾತಾಡುವುದಿಲ್ಲ.
ಆಮೇಲೆ ಮೂರೆಣಿಕೆಯ ಮೌನ.
ಆ ಮೌನದಲ್ಲಿ ರಾಡಮ್ ಊರಿನ ಅಷ್ಟೂ ಹುಡುಗರ ಹೆಬ್ಬೆರಳು
ಕೆಂಪು ಗುಂಡಿಯ ಮೇಲೆ.

ಖಾಲಿ ಕ್ಯಾಸೆಟ್ಟಿಗೆ ನಾನು ಕೊಟ್ಟದ್ದು
ಮನೆಯ ಮಾಂಸದ ಕೂಪನ್ನು.
ಕಳೆದುಹೋಯಿತು ಅಂದೆ.
ತಿಂಗಳಿಡೀ ಬೀಟ್‌ರೂಟ್ ಸಾರು.
ಯಾರೂ ಏನೂ ಅನ್ನಲಿಲ್ಲ; ಅಪ್ಪ ಮಾತ್ರ
ಚಮಚದಿಂದ ತಟ್ಟೆಯ ತಳ ಕೆರೆಯುತ್ತ
ನನ್ನನ್ನೇ ನೋಡಿದ.

ರೇಡಿಯೋಗೂ ಟೇಪಿಗೂ ನಡುವೆ ತಂತಿಯಿರಲಿಲ್ಲ ನಮ್ಮಲ್ಲಿ.
ಎದುರುಬದುರು ಕೂರಿಸಿ, ಸುತ್ತ ದಿಂಬಿನ ಕೋಟೆ ಕಟ್ಟಿ
ಸೀನು ಬಂದರೂ ಮೂಗು ಹಿಂಡಿ ಕೂತೆ.
ನಾಲ್ಕನೆಯ ಹಾಡು. ಗಿಟಾರು ಒಂದೇ ಮೇಲೇರಿ
ತುತ್ತತುದಿಗೆ ನಿಂತು
ಇನ್ನೇನು ಡ್ರಮ್ಮು ಬಂದು ಎತ್ತಿಕೊಳ್ಳಬೇಕು,
ಬಾಗಿಲು ಕಿರ್ರೆಂದಿತು:

"ವಿತೆಕ್, ಇಸ್ತ್ರಿ ಆರಿಸಿದೆಯಾ?"

ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ದುಡಿದವಳು ಅಮ್ಮ.
ಮೆಲ್ಲಗೆ ಮಾತಾಡುವುದು ಅವಳಿಗೆ ಮರೆತೇ ಹೋಗಿತ್ತು.

ಹನ್ನೊಂದು ದಿನ ಮಾತು ಬಿಟ್ಟೆ.
ಆದರೂ ಓಣಿಗೆಲ್ಲ ಅದೊಂದೇ ಕ್ಯಾಸೆಟ್ಟು.
ಮಾರೇಕ್ ನಕಲು ಮಾಡಿಕೊಂಡ, ಅವನಿಂದ ದೋರೊತಾ,
ದೋರೊತಾಳಿಂದ ಅವಳ ಮೂವರು ಪ್ರಿಯಕರರು.
ಒಂದರಿಂದ ಇನ್ನೊಂದಕ್ಕೆ ಇಳಿಯುತ್ತ
ಗಿಟಾರು ಸವೆದು ಸೊಳ್ಳೆಯಾಯಿತು,
ಡ್ರಮ್ಮು ಡಬ್ಬಿಯಾಯಿತು,
ಅಮ್ಮನ ದನಿ ಮಾತ್ರ ಹಾಗೇ, ಗಟ್ಟಿ.
ಇಂಗ್ಲಿಷು ಯಾರಿಗೆ ಬರುತ್ತಿತ್ತು?
ಶಾಲೆಯಲ್ಲಿ ಕಲಿಸಿದ್ದು ರಷ್ಯನ್,
ಅದನ್ನು ಹಟಕ್ಕೆ ಬಿದ್ದು ಕಲಿಯಲಿಲ್ಲ.
ಇಡೀ ಹಾಡಿನಲ್ಲಿ ನಮಗೆ ತಿಳಿಯುತ್ತಿದ್ದದ್ದು
ಆ ಒಂದೇ ಸಾಲು.

ಆಮೇಲೆ ಏನೇನೋ ಬಿದ್ದುಹೋಯಿತು, ಗೋಡೆ, ಕಾರ್ಖಾನೆ,
ನನ್ನ ತಲೆಗೂದಲು.
ಹೊಳೆಯುವ ಸೀಡಿ ತಂದು ಹಾಕಿದೆ ಒಮ್ಮೆ.
ಗಿಟಾರು ತುದಿಗೆ ನಿಂತಿತು, ಡ್ರಮ್ಮು ಬಂತು.
ನಡುವೆ ಏನೂ ಇಲ್ಲ.
ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ
ಕಿವಿ ಅಲ್ಲಿಗೇ ಹೋಗಿ ಹೋಗಿ ಬಂತು.
ಆಗ ಅಮ್ಮ ಹೋಗಿ ಆರು ವರ್ಷ.

ಮೊನ್ನೆ ಮಾರ್ಚಿನಲ್ಲಿ, ಸ್ವೀಡನ್ನಿಗೆ ದಾಟಿಸುವ ಹಡಗಿನ ಕ್ಯಾಂಟೀನು.
ಎದುರು ಮೇಜಿನಲ್ಲೊಬ್ಬ ಲಾರಿ ಡ್ರೈವರು
ಬೆಂದ ಮೊಟ್ಟೆಯ ಸಿಪ್ಪೆ ಸುಲಿಯುತ್ತ ಗುನುಗುತ್ತಿದ್ದಾನೆ.
ಹಾಡು ಗೊತ್ತು. ಸುಮ್ಮನೆ ಕೇಳಿದೆ.
ಮೂಗಿನಲ್ಲೇ ಗಿಟಾರನ್ನು ಮೇಲೇರಿಸಿ
ತುದಿಗೆ ನಿಲ್ಲಿಸಿ
ಹೆಂಗಸಿನ ದನಿ ತೆಗೆದು ಅಂದ:
"ವಿತೆಕ್, ಇಸ್ತ್ರಿ ಆರಿಸಿದೆಯಾ?"
ಮರುಗಳಿಗೆ ಮೇಜು ಬಡಿದು ಡ್ರಮ್ಮು.

ನನ್ನ ಚಹಾ ಚೆಲ್ಲಿತು.

ಅವನು ಲುಬ್ಲಿನ್ ಕಡೆಯವನು.
ಎಂಬತ್ತೇಳರಲ್ಲಿ ಸೈನ್ಯದ ಬ್ಯಾರಕಿನಲ್ಲಿ ಕೇಳಿದ ಟೇಪಂತೆ,
ಯಾರು ತಂದರೋ, ಎಲ್ಲಿಯದೋ.
"ಅದಿಲ್ಲದೆ ಹಾಡು ಹಾಡೇ ಅಲ್ಲ ನಮಗೆ.
ರಾತ್ರಿಯೆಲ್ಲ ಜಗಳ,
ಆ ವಿತೆಕ್ ಇಸ್ತ್ರಿ ಆರಿಸಿದ್ದನೋ ಇಲ್ಲವೋ.
ಸಿಗರೇಟು ಪಣ ಕಟ್ಟುತ್ತಿದ್ದೆವು.
ಆರಿಸಿದ್ದ ಅಂತ ನನ್ನ ವಾದ."

ಹೊರಗೆ ಬಾಲ್ಟಿಕ್ ಸಮುದ್ರ, ಕಪ್ಪಗೆ, ಕುಲುಕುತ್ತ.
ಮಾತು ಗಂಟಲಲ್ಲಿ ಎರಡು ಸಲ ಬಂದು ತಿರುಗಿ ಹೋಯಿತು.

"ಇಲ್ಲ," ಅಂದೆ. "ಆರಿಸಿರಲಿಲ್ಲ.
ಶರ್ಟು ಸುಟ್ಟಿತ್ತು, ಬೆನ್ನಿನ ಹತ್ತಿರ, ಅಂಗೈಯಗಲ.
ಚಳಿಗಾಲ ಮುಗಿಯುವ ತನಕ
ಸ್ವೆಟರಿನೊಳಗೆ ಹಾಕಿಕೊಂಡೆ."

ಮೊಟ್ಟೆ ಕೈಯಲ್ಲೇ ಉಳಿಯಿತು.
ಬಹಳ ಹೊತ್ತು ನನ್ನ ಮುಖ ನೋಡಿ
ಒಂದೇ ಮಾತು ಕೇಳಿದ:
ಯಾವ ಬಣ್ಣದ್ದು?

ತಿಳಿನೀಲಿ ಅಂದೆ.

ತಲೆಯಾಡಿಸಿದ.
ಜೇಬಿನಿಂದ ಸಿಗರೇಟು ಪ್ಯಾಕು ತೆಗೆದು
ಒಂದೊಂದಾಗಿ ಎಣಿಸಿ
ನನ್ನ ಕಡೆಗೆ ದೂಡಿದ.