ನಮ್ರ ವಿನಂತಿ

ಶಿವಾಜಿನಗರದಲ್ಲಿ ಕೋರ್ಟಿಗೂ ಕಾಮಗಾರ ಕಚೇರಿಗೂ ನಡುವೆ
ಬೇವಿನ ಬುಡದಲ್ಲಿ ನನ್ನ ಮೇಜು. ಒಂದು ಕಾಲಿಗೆ ಇಟ್ಟಿಗೆಯ ಚೂರು.
ಮೇಲೆ ಮರಾಠಿ ಟೈಪ್‌ರೈಟರು. ರಿಬ್ಬನ್ನು ಈಗ
ಬೋಹ್ರಿ ಆಳಿಯ ಒಂದೇ ಅಂಗಡಿಯಲ್ಲಿ ಸಿಗುತ್ತದೆ.
ಮೂವತ್ತೊಂದು ವರ್ಷ ಎಲ್ಲರ ಸಂಕಟವನ್ನೂ ಒಂದೇ ಸಾಲಿನಿಂದ ಶುರು ಮಾಡಿದ್ದೇನೆ:
ಮಾನ್ಯ ಸಾಹೇಬರಲ್ಲಿ ನಮ್ರ ವಿನಂತಿ.
ಬಾಡಿಗೆಯ ಜಗಳ, ತಡೆದ ಪಗಾರ, ಸತ್ತವರ ಪಿಂಚಣಿ,
ಯಾರು ಬಂದು ಕೂತರೂ ಬೆರಳು ತಾನೇ ‘ನ’ ಹುಡುಕಿಕೊಂಡು ಹೋಗುತ್ತದೆ.
ಆ ಗುಂಡಿಯ ಅಕ್ಷರ ಅಳಿಸಿದೆ,
ಮುಟ್ಟಿ ಮುಟ್ಟಿ ಸವೆದ ದೇವರ ಮೂಗಿನ ಹಾಗೆ.

ಭೌರಮ್ಮ ತಳವಾರ ಬಂದದ್ದು ಮಂಗಳವಾರ.
ಕನ್ನಡ ಬರ್ತದೇನ್ರಿ ಅಂದಳು. ನಂದು ಅಕ್ಕಲಕೋಟ ತಾಲೂಕು ಅಂದೆ.
ಸ್ಟೂಲು ಎಳೆದು ಕೂತು ಚಾರ್ಜ್‌ಶೀಟ್ ತೆಗೆದಳು,
ನಾಲ್ಕು ಮಡಿಕೆ, ನಡುವೆ ಅರಿಶಿನದ ಕಲೆ.

ಭೋಸರಿಯಲ್ಲಿ ಕಾರಿನ ವೈರು ಕಟ್ಟುವ ಕಾರ್ಖಾನೆ.
ನಲವತ್ತು ಹೆಂಗಸರು, ಒಂದು ಲೈನು,
ಪಾಯಖಾನೆಗೆ ಹೋಗಲು ಒಂದು ಟೋಕನ್ನು,
ಕೆಂಪು ಪ್ಲಾಸ್ಟಿಕ್ಕಿನದು, ಮೊಳೆಗೆ ನೇತು ಹಾಕಿದ್ದು.
ಅದು ಮೊಳೆಯಲ್ಲಿದ್ದರೆ ಏಳಬಹುದು.
ಮೂರು ಸಲ ಕೇಳಿದಳಂತೆ. ನಾಲ್ಕನೇ ಸಲ ಕೇಳಲಿಲ್ಲ, ಎದ್ದಳು.
ಹನ್ನೊಂದು ನಿಮಿಷ ಎಂದು ಬರೆದಿತ್ತು. ಶಿಸ್ತುಭಂಗ ಎಂದು ಬರೆದಿತ್ತು.
“ಹನ್ನೊಂದಲ್ರಿ, ಒಂಬತ್ತು. ಬಾಗಲಕ್ಕ ಚಿಲಕಿಲ್ಲ,
ಒಂದ್ ಕೈಲೆ ಹಿಡ್ಕೊಂಡು ಕುಂದರಬೇಕು, ಹೊತ್ತಾಗ್ತದ. ಅದೂ ಬರೀರಿ.”

ಟೈಪು ಮಾಡುತ್ತ ಕನ್ನಡದಲ್ಲಿ ಓದಿ ಹೇಳಿದೆ.
ನಮ್ರ ವಿನಂತಿ ಅಂದದ್ದೇ ತಡೆದಳು.
“ವಿನಂತಿ ಯಾಕ? ನಾ ಏನ್ ಬೇಡ್ಲಾಕ ಬಂದೀನೇನು?”
ಇದು ಪದ್ಧತಿ ತಾಯಿ, ಎಲ್ಲರೂ ಹೀಗೇ ಬರೆಸುತ್ತಾರೆ.
“ಉಚ್ಚಿ ಬಂದದ್ದಕ್ಕ ವಿನಂತಿ ಏನ್ರಿ?”
ಸ್ಟ್ಯಾಂಪು ಮಾರುವ ಬಾಪಟ್ ತಲೆ ಎತ್ತಿದ. ಅವನಿಗೆ ಕನ್ನಡ ಬರುವುದಿಲ್ಲ.

ನಾಲ್ಕನೇ ಇಯತ್ತೆಯಲ್ಲಿ ನಾನೂ ಒಂದು ಚೀಟಿ ಬರೆದಿದ್ದೆ:
ನಾಳೆ ಬರುವುದಿಲ್ಲ. ಅವ್ವಗೆ ಹೆರಿಗೆ.
ಮಾಸ್ತರು ಅದನ್ನು ಇಡೀ ವರ್ಗಕ್ಕೆ ಎತ್ತಿ ತೋರಿಸಿದರು.
ಬರುವುದಿಲ್ಲ ಅಂತ ಹೇಳುವವನು ನೀನ್ಯಾರೋ?
ದಯಪಾಲಿಸಬೇಕು ಅನ್ನು. ತಮ್ಮ ವಿಧೇಯ ವಿದ್ಯಾರ್ಥಿ ಅನ್ನು.
ಪಾಟಿಯ ಮೇಲೆ ನೂರು ಸಲ. ಬರೆದು, ಉಗುಳಿ, ಒರೆಸಿ, ಬರೆದು,
ಮರುದಿನದ ತನಕ ಕಾಯದೆ ಅಂದೇ ಹುಟ್ಟಿಬಿಟ್ಟಳು ತಂಗಿ.
ದೀಪ ಹಚ್ಚಿದ ಮೇಲೆ ಮನೆಗೆ ಓಡಿದೆ.
ಸೂಲಗಿತ್ತಿಗೆ ಬಿಸಿನೀರು ಯಾರು ಹೊತ್ತರೋ.
ವಿಧೇಯದ ಧ ಮಹಾಪ್ರಾಣ. ಇವತ್ತಿಗೂ ತಪ್ಪುವುದಿಲ್ಲ ನನಗೆ.

ಹಾಳೆ ಎಳೆದು ಹೊಸದು ಸುತ್ತಿದೆ.
ಮಾನ್ಯ ಸಾಹೇಬರು ಇರಲಿ ಅಂದಳು, ಮಾನ ಕೊಟ್ಟರ ನಮ್ದೇನ್ ಹೋಗ್ತದ.
ವಿನಂತಿಯ ಜಾಗಕ್ಕೆ ಏನು ಹಾಕಲಿ?
“ತಿಳಸೂದೇನಂದ್ರ.”
ಅದನ್ನು ಮರಾಠಿಯಲ್ಲಿ ಹುಡುಕಲು ಹೊತ್ತು ಹಿಡಿಯಿತು,
ಇದ್ದ ಪಾತ್ರೆಯನ್ನೇ ಅಟ್ಟದಿಂದ ಇಳಿಸಿದ ಹಾಗೆ.
ಟೋಕನ್ ಮೊಳೆಯಲ್ಲಿತ್ತೇ? ನಾಹೀ. ಚಿಲಕ? ನಾಹೀ.
ಇದಕ್ಕೂ ಅದೇ ಸವೆದ ಗುಂಡಿ.
ಕೆಳಗೆ ‘ತಮ್ಮ ವಿಶ್ವಾಸಿ’ ಇತ್ತಲ್ಲ, ಅದನ್ನು ಅವಳು ಹೇಳುವ ಮೊದಲೇ ಬಿಟ್ಟೆ.
ಪೂರ್ತಿ ಹೆಸರು ಬರೆದಳು, ಕನ್ನಡದಲ್ಲಿ, ಗೆರೆ ದಾಟಿ.

ಗುಮಾಸ್ತ ತಿರುಗಿಸಿಯಾನು ಎಂದು ಹೆದರಿ ಕಿಟಕಿಯ ತನಕ ಹೋದೆ.
ಅವನು ಮೊದಲ ಸಾಲು ಓದಲಿಲ್ಲ. ಕೊನೆಯದೂ ಓದಲಿಲ್ಲ.
ಪುಟ ಎಣಿಸಿದ, ಶಿಕ್ಕಾ ಒತ್ತಿದ, ಮುಂದಿನವರು ಅಂದ.
ಮೂವತ್ತೊಂದು ವರ್ಷ.

ಪುಟಕ್ಕೆ ಐವತ್ತು ರೂಪಾಯಿ.
“ಎರಡು ಶಬ್ದ ಕಡಿಮಿ ಆದವಲ್ಲ, ಎರಡು ರೂಪಾಯಿ ಬಿಡ್ರಿ.”
ಬಿಟ್ಟೆ. ಹನ್ನೆರಡನೇ ತಾರೀಕು ವಿಚಾರಣೆ.
ಕಾರ್ಖಾನೆಗೆ ಮೂವರು ವಕೀಲರಿದ್ದಾರಂತೆ.

ನಾಲ್ಕು ಗಂಟೆಗೆ ಒಬ್ಬ ಹುಡುಗ, ಮೀಸೆ ಈಗಷ್ಟೇ ಮೂಡುತ್ತಿದೆ.
ಫೀ ಬಾಕಿ ಎಂದು ಕಾಲೇಜಿನವರು ಅವನ ದಾಖಲೆ ಹಿಡಿದಿಟ್ಟಿದ್ದಾರೆ.
ಹಾಳೆ ಸುತ್ತಿದೆ. ಬೆರಳು ಆಗಲೇ ಹೊರಟಿತ್ತು.
ನಡುದಾರಿಯಲ್ಲಿ ತಡೆದು ಕೇಳಿದೆ:
ವಿನಂತಿ ಹಾಕಲೋ, ಬೇಡವೋ?
ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ.
ಕಾದೆ.