ಗಿರಣಿ ಇಂಜಿನ್ನು ಹೊಳಿಗೆ ಹೋದದ್ದು

ಇಪ್ಪತ್ತೆರಡು ವರ್ಷ ತೇರದಾಳದ ಒಂದು ಸಂದ್ಯಾಗ
ಜ್ವಾಳಾ ಬೀಸಿದ ಇಂಜಿನ್ನು.
ಮೊದಲ ನನ್ನ ಗಂಡ, ಅವನ ಹಿಂದ ನಾನು,
ಹ್ಯಾಂಡಲು ತಿರುವಿ ದಿನಾ ಎಬ್ಬಿಸಿದವರು.
ಈಗ ಗಿರಣಿಗೆ ಕರೆಂಟಿನ ಮೋಟಾರು ಬಂದೈತಿ.
ಗುಂಡಿ ಒತ್ತಿದರ ಸಾಕು, ಸಪ್ಪಗ ತಿರಗತೈತಿ,
ಉಪ್ಪು ಹಾಕದ ಸಾರಿನಂಗ.

ಭೂಪಾಲಣ್ಣ ಅರಿಶಿಣದ ಹೊಲಕ್ಕ ಅಂತ ಇದನ್ನ ಕೊಂಡ.
ಟ್ರ್ಯಾಕ್ಟರಿನ ಡಬ್ಬ್ಯಾಗ ಹಗ್ಗಾ ಬಿಗದು ಕುಂದ್ರಿಸಿ
"ನೀನೂ ಬಾ ಸತ್ಯವ್ವ, ಇದರ ಸಿಟ್ಟು ನಿನಗ ಗೊತ್ತು" ಅಂದ.
ರೊಕ್ಕ ಎಲಿ ಅಡಿಕಿ ಚೀಲದಾಗ,
ಮಾರಿದ ಮಾಲಿನ ಬಾಜೂಕ ನಾನು.

ಕೃಷ್ಣಾ ದಂಡಿ ಮ್ಯಾಲ ಫಿಟರ್ ಲಾಲಸಾಬ
ಎರಡು ಜಾಲಿ ತೊಲಿ ಎರಿಯಾಗ ಹೂಳಿ,
ನಾಕು ಬೋಲ್ಟು ನಿಂದ್ರಿಸಿ ಬೀಡಿ ಸೇದಿಕೋಂತ ಕುಂತಿದ್ದ.
ಸಿಮೆಂಟು ಯಾಕ ಹಾಕಲಿಲ್ಲೋ ಅಂದೆ.
"ಮಳಿಗಾಲದಾಗ ಹೊಳಿ ಬಂದು ತನ್ನ ಜಾಗಾ ಕೇಳತೈತಿ,
ಆವಾಗ ಬಿಚ್ಚಿಕೊಂಡು ಓಡಬೇಕಲ್ಲ."

ಇಂಜಿನ್ನಿನ ಗಾಲಿಯಿಂದ ಪಂಪಿನ ಗಾಲಿಗೆ ನೂಲು ಹಿಡದ.
ಒಂದು ತುದಿ ನನ್ನ ಕೈಯಾಗ, ಅವನದು ಒಂದು ಕಣ್ಣು ಮುಚ್ಚಿ.
ಗೋದಿಕಾಳಿನಷ್ಟು ಅತ್ತ.
ಇನ್ನ ಎಳ್ಳಿನಷ್ಟು.
ಹಾಂ.
ಪಂಪಿನ ಹೊಟ್ಟಿ ಮ್ಯಾಲ ಬಾಣದ ಗುರುತು: ಬಲಕ್ಕ.
ನನ್ನ ಇಂಜಿನ್ನು ಹುಟ್ಟಾ ಎಡಕ್ಕ.
"ಬೆಲ್ಟು ಮುರಗಿ ಹಾಕೂನು, ಇಂಗ್ಲಿಷ್ ಎಂಟರಂಗ.
ಇಬ್ಬರ ಹಟಾನೂ ಉಳಿತೈತಿ" ಅಂದ.

ಫುಟ್‌ವಾಲಿಗೆ ಬುಟ್ಟಿ ಕಟ್ಟಿ, ಉಸುಕಿನಿಂದ ಗೇಣು ಮ್ಯಾಲ ಇಳಿಬಿಟ್ಟ.
ಪೈಪು ನೀರಿನಿಂದ ಪಂಪಿನ ತನಕ ಏರಿಕೋಂತನ ಬರಬೇಕಂತ,
ನಡುವ ಎಲ್ಲೂ ಬೆನ್ನ ಎತ್ತಬಾರದಂತ,
ಎತ್ತಿದರ ಅಲ್ಲಿ ಗಾಳಿ ಮನಿ ಮಾಡತೈತಂತ.
ಕೊಡಾ ಮ್ಯಾಲ ಕೊಡಾ ನಾವು ಹೊತ್ತು ಸುರದ್ವಿ.
ಕುಡೀತು, ಗುಳುಗುಳು ಅಂತು, ಮತ್ತ ಕುಡೀತು.
"ನೀರ ಕೊಡಾಕ ತಂದದ್ದೋ, ಕುಡ್ಯಾಕ ತಂದದ್ದೋ?"
ಭೂಪಾಲಣ್ಣ ಒಂಬತ್ತನೇ ಕೊಡಕ್ಕ ಗೊಣಗಿದ.

ಲಾಲಸಾಬನ ಮಗ ಹ್ಯಾಂಡಲು ತಿರುವಿದ.
ಭೂಪಾಲಣ್ಣ ತಿರುವಿದ.
ಕೆಮ್ಮಿತು. ಸುಮ್ಮನಾತು.
ಸೆರಗ ಸಿಗಿಸಿ ನಾ ಬಗ್ಗಿದೆ.
ಲಿವರು ಎತ್ತಿ ಹಗೂರಕ ಮೂರು ಸುತ್ತು,
ಆಮ್ಯಾಲ ಒಮ್ಮೆಲೆ ಜೋರು, ಲಿವರು ಬಿಟ್ಟೆ.
ಡುಗ್.
ಡುಗ್. ಡುಗ್.
ಡುಗುಡುಗುಡುಗು, ಅದ ದನಿ.
ಸಂದಿನ್ಯಾಗ ಅಡಗಿ ಕುಂತಿದ್ದ ಹಿಟ್ಟು ಬಿಸಿಯಾಗಿ
ಹೊಳಿ ದಂಡ್ಯಾಗ ರೊಟ್ಟಿ ಸುಟ್ಟ ವಾಸನಿ.
ನನಗ ಒಂದು ಗಳಿಗಿ ಬಾಗಲದಾಗ ಪಾಳಿ ನಿಂತಂಗಾತು,
ಡಬ್ಬಿ, ಪುಟ್ಟಿ, ಯಾರದ ಮೊದಲು ಅನ್ನೂ ಜಗಳ.

ನೀರು ಮಾತ್ರ ಬರಲಿಲ್ಲ.

ಎಲ್ಲಾರೂ ನನ್ನ ಇಂಜಿನ್ನಿನ ಮಾರಿ ನೋಡಿದರು.
ನಾ ಪಂಪಿನ ಮಾರಿ ನೋಡಿದೆ.
ಲಾಲಸಾಬ ಯಾರ ಮಾರೀನೂ ನೋಡಲಿಲ್ಲ,
ಕಿಸೆದಾಗಿನ ಊದಿನಕಡ್ಡಿ ಹಚ್ಚಿದ.
ಪೂಜಿ ಮಾಡತಾನ ಅಂತ ಭೂಪಾಲಣ್ಣ ಕೈ ಮುಗಿದ!
ಅಂವ ಪೈಪಿನ ಒಂದೊಂದ ಕೀಲಿಗೂ ಕಡ್ಡಿ ಹಿಡಕೋಂತ ಬಂದ,
ಗಾಳಿಗೆ ನಾ ಸೆರಗು ಮರಿ ಹಿಡದೆ.
ಮೊದಲನೇದಕ್ಕ ಹೊಗಿ ನೆಟ್ಟಗ. ಎರಡನೇದಕ್ಕ ನೆಟ್ಟಗ.
ಮೂರನೇದಕ್ಕ ಬಗ್ಗಿತು,
ಯಾರೋ ಒಳಗಿಂದ ಉಸಿರು ಎಳಕೊಂಡಂಗ
ಸಣ್ಣ ಎಳಿಯಾಗಿ ಒಳಗ ಹೋತು.
"ಸಿಕ್ಕಿ" ಅಂದ.

ಹಳೀ ಸೈಕಲ್ ಟ್ಯೂಬು ಕತ್ತರಿಸಿ ವಾಸರು ಮಾಡಿದ,
ಬೋಲ್ಟು ಎದುರಾಬದರ ಬಿಗದ, ಒಂದು ಇದು, ಒಂದು ಅದು.
ಮತ್ತ ಕೊಡಾ. ಮತ್ತ ಹ್ಯಾಂಡಲು. ಈ ಸಲ ಯಾರೂ ಕೇಳಲಿಲ್ಲ,
ನನ್ನ ಕೈಗೇ ಕೊಟ್ಟರು.

ಮೊದಲ ಗಾಳಿ ಉಗುಳಿತು, ಆಮ್ಯಾಲ ಕೆಸರು,
ಒಂದು ಸಣ್ಣ ಏಡಿ,
ಆಮ್ಯಾಲ ತೊಡಿ ದಪ್ಪ ನೀರು ಕಾಲಿವಿಗೆ ಬಿತ್ತು.
ಇಂಜಿನ್ನಿನ ದನಿ ಇಳೀತು, ಭಾರ ಬಿದ್ದದ್ದು ಅದಕ್ಕ ತಿಳೀತು.
ಕಲ್ಲಿಗೆ ಜ್ವಾಳಾ ಬಿಟ್ಟಾಗಲೂ ಹಿಂಗ ಇಳೀತಿತ್ತು.

ಭೂಪಾಲಣ್ಣ ನೀರಿನ ಹಿಂದ ಸಲಿಕಿ ಹಿಡದು ಓಡಿದ.
ನಾ ಪೈಪಿನ ಬಾಯಿಗೆ ಕೈ ಒಡ್ಡಿ,
ರೂಢಿ ನೋಡ್ರಿ,
ಹೆಬ್ಬಟ್ಟಿಗೂ ಬಟ್ಟಿಗೂ ನಡುವ ನೀರು ತಿಕ್ಕಿ ನೋಡಿದೆ,
ಸಣ್ಣ ಬಿದ್ದೈತೋ, ದಪ್ಪ ಬಿದ್ದೈತೋ ಅಂತ.