ಸೌಟು ಸವೆದ ಕಡೆ

ಮೊಟ್ಟೆ ಬುಟ್ಟಿ ವಾಪಸು ಕೊಡಲು ಹೋದವಳು ನಾನು,
ಕೂತುಬಿಟ್ಟೆ.
ಆಸ್ತೂರಿಯಾಸಿನ ಗಣಿ ಕಣಿವೆಯಲ್ಲಿ ನವೆಂಬರಿನ ಮಧ್ಯಾಹ್ನಗಳಿಗೆ
ಅಂಥ ಅವಸರವೇನೂ ಇರುವುದಿಲ್ಲ.

ಒಲೆಯ ಮುಂದೆ ಸೆಲ್ಮೋ.
ಮೂವತ್ತೆರಡು ವರ್ಷ ನೆಲದೊಳಗೆ ಇದ್ದಲು ಕಡಿದ ಗಂಡಸು,
ಬೆಂಕಿಯ ಅಪ್ಪ ಅಜ್ಜಂದಿರನ್ನೆಲ್ಲ ಬಲ್ಲವನು,
ಹಾಲಿನ ಮುಂದೆ ಮಾತ್ರ
ಮಾವನ ಮನೆಗೆ ಮೊದಲ ಸಲ ಬಂದ ಅಳಿಯನ ಹಾಗೆ ನಿಂತಿದ್ದ.

ಕುರ್ಚಿಯಲ್ಲಿ ಎತೆಲ್ವೀನಾ.
ಕಣಜದ ಒದ್ದೆ ಮೆಟ್ಟಿಲಲ್ಲಿ ಜಾರಿ
ಎಡಗೈ ಮಣಿಕಟ್ಟಿಗೆ ಸುಣ್ಣದ ಪಟ್ಟಿ.
ನಾಳೆ ಸಂತ ಮಾರ್ಟಿನನ ದಿನ,
ಒಂಬತ್ತು ಮನೆಗೆ ಒಂಬತ್ತು ಬಟ್ಟಲು ಹೋಗಲೇಬೇಕು.
ಕೈ ಮುರಿದರೆ ಮುರಿಯಿತು,
ಲೆಕ್ಕ ಮುರಿಯಬಾರದು.

"ಅಕ್ಕಿ ಎಷ್ಟು?"
"ನಾಕು ಮುಷ್ಟಿ."
"ಯಾರ ಮುಷ್ಟಿ?"
"ನಂದು. ನಿಂದಾದರೆ ಮೂರು."
"ಹಾಲು?"
"ಅದು ಕೇಳಿದಷ್ಟು."
"ಹಾಲು ಕೇಳುತ್ತಾ?"
"ಬಾಯಿ ಮುಚ್ಚಿಕೊಂಡಿದ್ದರೆ ಕೇಳಿಸುತ್ತೆ."

ನಿಂಬೆಯ ಸಿಪ್ಪೆ, ಚಕ್ಕೆಯ ಒಂದು ತುಂಡು, ಚಿಟಿಕೆ ಉಪ್ಪು.
ಸಕ್ಕರೆ ಈಗಲೇ ಬೇಡ,
ಮೊದಲೇ ಸಿಹಿ ಕಂಡ ಅಕ್ಕಿ ಮತ್ತೆ ಮೆತ್ತಗಾಗುವುದಿಲ್ಲ
ಅಂತ ನನ್ನ ಕಡೆ ತಿರುಗಿ ನಕ್ಕಳು.
ನನಗೆ ಮದುವೆಯಾಗಿ ಆಗ ಎರಡು ತಿಂಗಳು.

ಮೊದಲ ಗಂಟೆ ಅವನು ಮಾತಾಡಿದ:
ಫುಟ್‌ಬಾಲು, ಪಿಂಚಣಿ,
ಸೇಬಿನ ಮದ್ಯಕ್ಕೆ ಈ ಸಲ ಹುಳಿ ಜಾಸ್ತಿ.
ಎರಡನೆಯ ಗಂಟೆ ಮಾತು ತೆಳ್ಳಗಾಯಿತು,
ಹಾಲು ಗಟ್ಟಿಯಾಯಿತು.
ತಿರುವು, ನಿಲ್ಲಿಸಬೇಡ, ತಳ ಹಿಡಿದೀತು.
ಕೆನೆ ಕಟ್ಟಿತೋ, ಮತ್ತೆ ಒಳಕ್ಕೇ ಮುಳುಗಿಸು.

ಹಿಂದೊಮ್ಮೆ ಊಟಕ್ಕೆ ಕೂತು ಇವನೇ ಕೇಳಿದ್ದನಂತೆ,
"ದಿನವಿಡೀ ಏನು ಕಡಿದೆ? ಸೌಟು ತಿರುವಿದೆ, ಅಷ್ಟೇ ತಾನೇ?"
ಅವಳು ಅದನ್ನು ಎತ್ತಿ ಆಡಲಿಲ್ಲ.
ಅವನ ತೋಳೇ ಎತ್ತಿ ಆಡಿತು,
ಭುಜದಿಂದ ಬೆರಳ ತುದಿವರೆಗೆ ನಡುಗಿ.

"ಈ ಸೌಟೇ ಸರಿಯಿಲ್ಲ" ಅಂದ.
"ತಳಕ್ಕೆ ಕೂರುತ್ತಿಲ್ಲ, ಓರೆ."
ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ.
ಮರ ಒಂದೇ ಕಡೆ ಸವೆದಿತ್ತು,
ಕೃಷ್ಣಪಕ್ಷದ ಚಂದ್ರನನ್ನು ಯಾರೋ ಉಜ್ಜಿದ ಹಾಗೆ.
ಹೀಗೆ ಹಿಡಿದ, ಹಾಗೆ ಹಿಡಿದ,
ಸೋತು ಕೈ ಬದಲಿಸಿದ.

ಎಡಗೈಗೆ ಬಂದದ್ದೇ ತಡ
ಸೌಟು ತಳಕ್ಕೆ ಕಚ್ಚಿ ಕೂತಿತು,
ಸಂಜೆ ತಾನಾಗಿಯೇ ತನ್ನ ಗೂಟಕ್ಕೆ ಬಂದು ನಿಲ್ಲುವ ಹಸುವಿನಂತೆ.

ಎರಡು ಸುತ್ತು, ಮೂರು ಸುತ್ತು.
"ನೀನು ಎಡಚಿಯಾ?"
ಕೇಳಿದ,
ಕೈಹಿಡಿದ ನಲವತ್ತೊಂದನೇ ವರ್ಷಕ್ಕೆ.

"ಸೌಟಿಗೆ ಮಾತ್ರ" ಅಂದಳು.
"ಬರೆಯೋದು, ಸೂಜಿ ಹಿಡಿಯೋದು, ಎದೆಗೆ ಶಿಲುಬೆ ಎಳೆಯೋದು,
ಎಲ್ಲಾನೂ ಸನ್ಯಾಸಿನಿಯರು ರೂಲುಕಟ್ಟಿಗೆಯಲ್ಲಿ
ಬಲಗೈಗೆ ದಾಟಿಸಿದರು.
ಅಡುಗೆಮನೆಗೆ ಅವರು ಬರಲಿಲ್ಲ."

ಆಮೇಲೆ ಯಾರೂ ಮಾತಾಡಲಿಲ್ಲ.
ಪಾತ್ರೆಯೊಂದೇ ದಪ್ಪ ದನಿಯಲ್ಲಿ
ಗುಳಕ್, ಗುಳಕ್.
ಅವಳು ಹೇಳುವ ಮೊದಲೇ
ಅವನು ಹಾಲಿನ ಚೊಂಬಿಗೆ ಕೈ ಹಾಕಿದ.

ಕೊನೆಗೆ ಸಕ್ಕರೆ, ಒಂದು ಉಂಡೆ ಬೆಣ್ಣೆ,
ಸೋಂಪಿನ ಮದ್ಯ ಒಂದು ಗುಟುಕು ಪಾತ್ರೆಗೆ
(ಒಂದು ಅವನ ಗಂಟಲಿಗೆ).
ಬಟ್ಟಲುಗಳ ಮೇಲೆ ಸಕ್ಕರೆ ಉದುರಿಸಿ
ಕೆಂಪಗೆ ಕಾದ ಕಬ್ಬಿಣದ ಬಿಲ್ಲೆ ಒತ್ತುವಾಗ
ಇದು ನನ್ನ ಕಸುಬು ಎಂದು ಎದೆ ಸೆಟೆಸಿದ.
ಚುಂಯ್ ಅಂತು, ಹೊಗೆ ತೊಲೆಗೆ ಏರಿತು,
ಮೊದಲನೆಯದು ಸೀದು ಕರ್ರಗಾಯಿತು.
"ಅದನ್ನು ಪಾದ್ರಿಗಳ ಮನೆಗೆ ಕಳಿಸು" ಅಂದಳು ಎತೆಲ್ವೀನಾ.

ಮೊಟ್ಟೆ ಬುಟ್ಟಿ ಮತ್ತೆ ನನ್ನ ಕೈಯಲ್ಲೇ ಮನೆಗೆ ಬಂತು,
ಒಳಗೆ ಬಟ್ಟೆ ಮುಚ್ಚಿದ ಬಟ್ಟಲು.
ನನ್ನ ಗಂಡ ನೆಲ್‌ನ ಮುಂದೆ ಇಟ್ಟು
ಚಮಚವನ್ನು ಆಚೆಗೂ ಅಲ್ಲ ಈಚೆಗೂ ಅಲ್ಲ,
ಸರಿಯಾಗಿ ನಡುವೆ ಇಟ್ಟು
ಎದುರಿಗೆ ಕೂತೆ.

ಚಮಚ ಅವನು ಮುಟ್ಟಲೇ ಇಲ್ಲ.
ಹೆಬ್ಬೆರಳಿಂದ ಗಾಜಿನಂಥ ಸಕ್ಕರೆ ಒಡೆದು
ಒಂದು ಚೂರು ನನ್ನ ಬಾಯಿಗಿಟ್ಟ.
ಯಾವ ಕೈ ಅಂತ
ನೋಡಲು ಮರೆತೆ.